ನವೆಂಬರ್ ಒಂದಕ್ಕೆ ಕಸ ಉಳಿಸದ ನಮ್ಮ ಹ್ಯಾಲೋವೀನ್

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಹೋಗುವ ಹಬ್ಬ. ಅದಕ್ಕೆ ಏನೇ ಮಾಡುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ನವೆಂಬರ್ 1ರ ಬೆಳಿಗ್ಗೆ ಇದು ಎಲ್ಲಿಗೆ ಹೋಗುತ್ತದೆ? ಹೊಟ್ಟೆಗೆ, ಗಿಡದ ಬುಡಕ್ಕೆ ಅಥವಾ ವಾಪಸ್ ಬೀರುವಿಗೆ ಹೋಗುವುದಾದರೆ ಮಾಡುತ್ತೇನೆ. ಕಸದ ಗಾಡಿಗಾದರೆ ಬೇಡ.

ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಅಕ್ಟೋಬರ್ ಬಂತೆಂದರೆ ಮನೆಮನೆ ಮುಂದೆ ಗಾಳಿ ತುಂಬಿದ ನೈಲಾನ್ ದೆವ್ವಗಳು, ಪ್ಲಾಸ್ಟಿಕ್ ಅಸ್ಥಿಪಂಜರಗಳು ಎದ್ದು ನಿಲ್ಲುತ್ತವೆ. ಹಬ್ಬವೇ ಬೇಡ ಅನ್ನುವವಳಲ್ಲ ನಾನು. ಬೀದಿಯ ಮಕ್ಕಳೆಲ್ಲ ಬಂದು ಬಾಗಿಲು ತಟ್ಟುವ, ನೆರೆಯವರು ಹೊರಗೆ ನಿಂತು ಮಾತಾಡುವ ಸಂಜೆ ಇಲ್ಲಿ ಎಷ್ಟು ಸಿಗುತ್ತದೆ ಹೇಳಿ? ಅದಕ್ಕೇ ಅದನ್ನು ಚೆನ್ನಾಗಿ ಮಾಡಬೇಕು ಅನ್ನಿಸುತ್ತದೆ.

ಮೊದಲು ಕುಂಬಳಕಾಯಿ. ಐರ್ಲೆಂಡಿನ ಜನ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. ಅವರು ಅಮೆರಿಕಕ್ಕೆ ಬಂದ ಮೇಲೆ ಇಲ್ಲಿಯ ದೊಡ್ಡ ಕುಂಬಳಕ್ಕೆ ಬದಲಾದರು. ನಮ್ಮ ಇಲಿನಾಯ್ ಅಂತೂ ಕುಂಬಳದ ಸೀಮೆ. ಡಬ್ಬಿಗೆ ತುಂಬುವ ಕುಂಬಳವನ್ನು ದೇಶದಲ್ಲಿ ಎಲ್ಲರಿಗಿಂತ ಜಾಸ್ತಿ ಬೆಳೆಯುವುದು ಇದೇ ರಾಜ್ಯ. ನಾನು ಎರಡು ಬಗೆಯವನ್ನು ತರುತ್ತೇನೆ. ಕೊರೆಯಲು ದೊಡ್ಡದು. ಅದರಲ್ಲಿ ನೀರು ಮತ್ತು ನಾರೇ ಹೆಚ್ಚು, ಅಡುಗೆಗೆ ರುಚಿ ಇಲ್ಲ. ತಿನ್ನಲು ‘ಪೈ ಪಂಪ್ಕಿನ್’ ಅನ್ನುವ ಚಿಕ್ಕದು. ಅದರ ತಿರುಳು ಗಟ್ಟಿ, ಸಿಹಿ. ಹಬ್ಬದ ತನಕ ಅದು ಮೆಟ್ಟಿಲ ಮೇಲೆ ಇಡಿಯಾಗಿ ಅಲಂಕಾರಕ್ಕೆ ಕೂರುತ್ತದೆ, ಆಮೇಲೆ ಅಡುಗೆಮನೆಗೆ ಬರುತ್ತದೆ. ಯಾವುದಕ್ಕೂ ಬಣ್ಣ, ಮಿನುಗು ಹಚ್ಚುವುದಿಲ್ಲ. ಹಚ್ಚಿದರೆ ತಿನ್ನಲೂ ಆಗದು, ಗೊಬ್ಬರಕ್ಕೂ ಆಗದು.

ಕೊರೆಯುವುದು ಹಬ್ಬಕ್ಕೆ ಎರಡು ದಿನ ಇರುವಾಗ. ಮೊದಲೇ ಕೊರೆದರೆ ಬೂಸ್ಟು ಹಿಡಿಯುತ್ತದೆ, ಅಳಿಲುಗಳೂ ಬಿಡುವುದಿಲ್ಲ. ತೊಟ್ಟಿನ ಕಡೆ ಕತ್ತರಿಸದೆ ತಳವನ್ನು ಕತ್ತರಿಸಿ ತೆಗೆಯುತ್ತೇನೆ. ಆಗ ದೀಪವನ್ನು ನೆಲದ ಮೇಲಿಟ್ಟು, ಕುಂಬಳವನ್ನು ಅದರ ಮೇಲೆ ಮುಚ್ಚಿದರೆ ಸಾಕು. ಒಳಗೋಡೆಯನ್ನು ಗಟ್ಟಿ ಚಮಚದಿಂದ ಒಂದು ಇಂಚು ದಪ್ಪ ಉಳಿಯುವಷ್ಟು ಕೆರೆಯಬೇಕು. ದೀಪ ಅಂದರೆ ನಮ್ಮ ಮಣ್ಣಿನ ಹಣತೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಿತ್ತು. ಹೇಗೂ ಹಣತೆ ಹೊರಗಿದ್ದವು, ಒಂದನ್ನು ಕುಂಬಳದೊಳಗೂ ಇಟ್ಟೆ. ಅಂದಿನಿಂದ ಬ್ಯಾಟರಿ ಮೇಣದಬತ್ತಿ ಕೊಂಡಿಲ್ಲ. ಹೊಗೆ ಹೋಗಲು ಮೇಲೆ ಹಿಂಬದಿಯಲ್ಲಿ ಒಂದು ತೂತು ಬೇಕು. ಮಕ್ಕಳ ಜೋಲುವ ವೇಷ ತಾಗದಂತೆ ದೀಪವನ್ನು ಓಡಾಟದ ದಾರಿಯಿಂದ ದೂರ, ಕಲ್ಲಿನ ಮೇಲೆ ಇಡಿ.

ಒಳಗಿನ ಬೀಜ ಬಿಸಾಡಬೇಡಿ. ತೊಳೆದು, ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆ ಮೇಲೆ ಆರಿಸಿ. ಎಣ್ಣೆ, ಖಾರದಪುಡಿ, ಚಿಟಿಕೆ ಇಂಗು ಕಲಸಿ 300 ಡಿಗ್ರಿ ಫ್ಯಾರನ್‌ಹೀಟ್‌ನ ಓವನ್ನಿನಲ್ಲಿ ಅರ್ಧ ಗಂಟೆ ಹುರಿದರೆ ಸಿಪ್ಪೆ ಸಮೇತ ಕುರುಕುರು.

ಇನ್ನು ಗಾರಿಗೆ. ನಾನು ಧಾರವಾಡದವಳು. ಕುಂಬಳ ಕಂಡರೆ ಗಾರಿಗೆ ನೆನಪಾಗದೆ ಇರುತ್ತದಾ? ಪೈ ಕುಂಬಳದ ತುರಿ ಎರಡು ಕಪ್, ಬೆಲ್ಲ ಒಂದು ಕಪ್. ಎರಡನ್ನೂ ಚಮಚ ತುಪ್ಪದಲ್ಲಿ ಬೇಯಿಸಿ. ಬೆಲ್ಲ ಕರಗಿ, ತುರಿ ನೀರು ಬಿಟ್ಟು, ಮತ್ತೆ ಮೆತ್ತಗೆ ಮುದ್ದೆಯಾಗುವ ತನಕ ಕೈಯಾಡಿಸಬೇಕು. ಆರಿದ ಮೇಲೆ ಏಲಕ್ಕಿ, ಚಿಟಿಕೆ ಉಪ್ಪು, ಸ್ವಲ್ಪ ಚಿರೋಟಿ ರವೆ. ಗೋಧಿ ಹಿಟ್ಟನ್ನು ಅದು ಹಿಡಿಯುವಷ್ಟೇ ಹಾಕಿ ಗಟ್ಟಿಯಾಗಿ ನಾದಿ. ನೀರು ಒಂದು ಹನಿಯೂ ಬೇಡ, ಕುಂಬಳದ್ದೇ ಸಾಕು. ಅರ್ಧ ಗಂಟೆ ಬಿಟ್ಟು, ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ತಟ್ಟಿ. ಇಲ್ಲಿ ನನ್ನ ಮಗಳು ಚಾಕುವಿನ ತುದಿಯಿಂದ ಎರಡು ತ್ರಿಕೋನದ ಕಣ್ಣು, ಹಲ್ಲು ಕಿರಿದ ಬಾಯಿ ಕೊರೆಯುತ್ತಾಳೆ. ತೂತಿದ್ದರೆ ಉಬ್ಬುವುದಿಲ್ಲ, ಆದರೆ ಅಂಚು ಇನ್ನೂ ಗರಿಗರಿಯಾಗುತ್ತದೆ. ಆಮೇಲೆ ಎಣ್ಣೆಯಲ್ಲಿ ಕರಿಯಿರಿ. ಬೆಲ್ಲ ಇರುವುದರಿಂದ ಉರಿ ಮಧ್ಯಮ ಇರಲಿ, ಜಾಸ್ತಿಯಾದರೆ ಹೊರಗೆ ಕಪ್ಪು, ಒಳಗೆ ಹಸಿ. ಕೆಂಪು-ಕಂದು ಬಣ್ಣದ ಆ ಮುಖಗಳನ್ನು ತಟ್ಟೆಯಲ್ಲಿ ಜೋಡಿಸಿದರೆ ಬೇರೆ ಸಿಂಗಾರವೇ ಬೇಡ.

ಆದರೆ ಗಾರಿಗೆ ಮನೆಯವರಿಗೆ ಮತ್ತು ಪರಿಚಯದವರಿಗೆ ಮಾತ್ರ. ಮನೆಯಲ್ಲಿ ಮಾಡಿದ ತಿಂಡಿಯನ್ನು ಗುರುತಿಲ್ಲದವರ ಮಕ್ಕಳಿಗೆ ಇಲ್ಲಿ ಕೊಡುವುದಿಲ್ಲ. ಕೊಟ್ಟರೂ ಅಪ್ಪ ಅಮ್ಮ ಎಸೆದುಬಿಡುತ್ತಾರೆ. ಅದು ಸರಿಯೇ, ಒಳಗೆ ಏನಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಾಗಿಲಿಗೆ ಬಂದವರಿಗೆ ರಟ್ಟಿನ ಪುಟ್ಟ ಪೆಟ್ಟಿಗೆಯ ಒಣದ್ರಾಕ್ಷಿ, ಪೆನ್ಸಿಲ್, ಸೀಮೆಸುಣ್ಣ ಇಡುತ್ತೇನೆ. ಚಾಕೊಲೇಟಿನ ಮಿರಿಮಿರಿ ಹಾಳೆ ಹಲವು ಪದರದ್ದು, ಮರುಬಳಕೆಗೆ ಹೋಗುವುದಿಲ್ಲ. ಹಿತ್ತಲಿನ ಚೆಂಡುಹೂವು ಒಣಗಿದಾಗ ಬೀಜ ತೆಗೆದು, ಹಳೇ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ಅದನ್ನೂ ಕೊಡುತ್ತೇನೆ. ಬುಟ್ಟಿಯಲ್ಲಿ ಮೊದಲು ಖಾಲಿಯಾಗುವುದು ಅದೇ.

ಆಹಾರದ ಅಲರ್ಜಿ ಇರುವ ಮಕ್ಕಳಿಗೂ ಇದು ಅನುಕೂಲ. ಫೇರ್ ಎಂಬ ಸಂಸ್ಥೆ 2014ರಿಂದ ದೇಶವಿಡೀ ನಡೆಸುತ್ತಿರುವ ಒಂದು ಪದ್ಧತಿ ಇದೆ. ಬಾಗಿಲಲ್ಲಿ ನವಿಲು ಬಣ್ಣದ ಕುಂಬಳ ಇದ್ದರೆ ಆ ಮನೆಯಲ್ಲಿ ತಿನ್ನದ ವಸ್ತುವೂ ಸಿಗುತ್ತದೆ ಎಂದರ್ಥ. ಬಣ್ಣ ಬಳಿಯದೆ ನಾನು ಅದೇ ಬಣ್ಣದ ಬ್ಲೌಸ್ ಪೀಸ್ ಸುತ್ತುತ್ತೇನೆ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟವು ನಮ್ಮೆಲ್ಲರ ಬೀರುವಿನಲ್ಲೂ ರಾಶಿ ಇರುತ್ತವೆ, ಅಲ್ವಾ?

ದೆವ್ವಕ್ಕೆ ಹಳೇ ಬಿಳಿ ಪಂಚೆ. ಒಂದು ಕಪ್ ನೀರಿಗೆ ಮೂರು ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್ ಹಾಕಿ ಗಂಜಿ ಕಾಯಿಸಿ, ಪಂಚೆಯ ತುಂಡನ್ನು ಅದ್ದಿ ಹಿಂಡಿ. ಬಾಟಲಿಯ ಮೇಲೆ ಚೆಂಡು ಕೂರಿಸಿ, ಅದರ ಮೇಲೆ ಬಟ್ಟೆ ಹೊದಿಸಿ ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಬಾಟಲಿ, ಚೆಂಡು ತೆಗೆದರೂ ದೆವ್ವ ತಾನೇ ನಿಲ್ಲುತ್ತದೆ. ಹಬ್ಬ ಮುಗಿದ ಮೇಲೆ ಒಗೆದರೆ ಮತ್ತೆ ಮೆತ್ತನೆ ಪಂಚೆ. ಮೊಟ್ಟೆಯ ರಟ್ಟಿನ ತಟ್ಟೆಯಿಂದ ಬಾವಲಿ ಕತ್ತರಿಸುವುದನ್ನು ಮಕ್ಕಳಿಗೇ ಬಿಡುತ್ತೇನೆ.

ಒಂದನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ: ಪೊದೆಗಳ ಮೇಲೆ ಎಳೆದು ಹರಡುವ ಆ ಪಾಲಿಯೆಸ್ಟರ್ ಜೇಡರಬಲೆ. ಅದರ ಸಣ್ಣ ಎಳೆಗಳಲ್ಲಿ ಹಕ್ಕಿಗಳ ಕಾಲು, ರೆಕ್ಕೆ ಸಿಕ್ಕಿಕೊಳ್ಳುತ್ತವೆ. ಬಲೆ ಬೇಕೇ ಬೇಕಾದರೆ ದಪ್ಪ ಸೆಣಬಿನ ಹುರಿಯಲ್ಲಿ ಅಗಲ ಕಣ್ಣಿನದು ಹೆಣೆದು ಜಗಲಿಯೊಳಗೆ ಕಟ್ಟಿ.

ಅಂಗಳಕ್ಕೆ ಬೆದರುಗೊಂಬೆ. ಹಳೇ ಅಂಗಿ, ಜೀನ್ಸಿನೊಳಗೆ ಮೇಪಲ್ ಮರದ ಒಣಗೆಲೆ ತುರುಕುವುದು. ಈ ಎಲೆ ಆಮೇಲೆ ತುಂಬ ಕೆಲಸಕ್ಕೆ ಬರುತ್ತದೆ. ಕುಂಬಳ ಕಸದ ಗುಡ್ಡೆಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹೊರಡುತ್ತದೆ. ಹಿತ್ತಲಿನ ಗೊಬ್ಬರದ ರಾಶಿಯಲ್ಲಿ ಸುಮ್ನೆ ಹಾಗೇ ಹಾಕಿದರೂ ನೀರು ಬಿಟ್ಟು ನಾರುತ್ತದೆ. ಅದಕ್ಕೆ ಸಲಿಕೆಯಿಂದ ಚೂರು ಮಾಡಿ, ಒಂದು ಪದರ ಕುಂಬಳ, ಅದರ ಎರಡರಷ್ಟು ಬೊಂಬೆಯ ಹೊಟ್ಟೆಯ ಎಲೆ, ಹೀಗೆ ಹರಡುತ್ತೇನೆ. ಬೀಜ ಉಳಿದರೆ ವಸಂತದಲ್ಲಿ ಅಲ್ಲೇ ಬಳ್ಳಿ ಏಳುತ್ತದೆ. ಹಿತ್ತಲಿಲ್ಲದವರಿಗೆ ನಮ್ಮ ಡ್ಯುಪೇಜ್ ಕೌಂಟಿಯ ಕಡೆ ಸ್ಕೇರ್ಸ್ ಎಂಬ ಸಂಸ್ಥೆ ನಡೆಸುವ ‘ಪಂಪ್ಕಿನ್ ಸ್ಮ್ಯಾಶ್’ ಇದೆ. ಹ್ಯಾಲೋವೀನ್ ಆದ ಶನಿವಾರ ಊರೂರಿನಲ್ಲಿ ಕುಂಬಳ ಸೇರಿಸಿ ಗೊಬ್ಬರಕ್ಕೆ ಕಳಿಸುತ್ತಾರೆ. ಒಯ್ಯುವ ಮೊದಲು ಹಣತೆ, ಬಟ್ಟೆ, ಸ್ಟಿಕ್ಕರ್ ತೆಗೆದಿಡಿ.