ಮೊದಲು ರಕ್ತ ಹರಿಯಲಿ, ಮೂಳೆ ಆಮೇಲೆ

ಯುದ್ಧಭೂಮಿಯಿಂದ ಬರುವ ಕಾಲಿನ ಗಾಯದಲ್ಲಿ ಒಂದೇ ತೊಂದರೆ ಇರುವುದು ಅಪರೂಪ. ಮೂಳೆ ಪುಡಿಯಾಗಿರುತ್ತದೆ, ಮಾಂಸ ಹರಿದಿರುತ್ತದೆ, ಜೊತೆಗೆ ಅಪಧಮನಿಯೂ ತುಂಡಾಗಿರುತ್ತದೆ. ಯಾವುದಕ್ಕೆ ಮೊದಲು ಕೈ ಹಾಕಬೇಕು ಅನ್ನುವುದೇ ಆಪರೇಷನ್ ಥಿಯೇಟರಿನ ಜಗಳ. 'ನಾನು ಮೂಳೆ ಕೂರಿಸ್ತೀನಿ, ಆಮೇಲೆ ನೀವು ಹೊಲೀರಿ' ಅನ್ನುತ್ತಾರೆ ಮೂಳೆ ಡಾಕ್ಟರು, ರಕ್ತನಾಳ ಹೊಲಿಯುವ ನನಗೆ. ಅದೂ ಸುಳ್ಳಲ್ಲ. ಮೂಳೆ ಎಳೆದಾಡುವಾಗ ಹೊಲಿಗೆ ಕಿತ್ತು ಬರಬಹುದು. ಆದರೆ ರಕ್ತ ಸಿಗದ ಸ್ನಾಯು 6 ಗಂಟೆ ದಾಟಿದರೆ ಉಳಿಯುವುದು ಕಷ್ಟ. ಅದರಲ್ಲಿ ಎಷ್ಟೋ ಹೊತ್ತು ದಾರಿಯಲ್ಲೇ ಕಳೆದಿರುತ್ತದೆ.

ನಾನು ಇದಕ್ಕೆ ನಂಬಿರುವುದು ಶಂಟ್ ಅನ್ನು. ತುಂಡಾದ ನಾಳದ ಎರಡು ತುದಿಗಳ ನಡುವೆ ತಾತ್ಕಾಲಿಕವಾಗಿ ರಕ್ತ ಹರಿಸುವ, ಸುಮ್ನೆ ಒಂದು ಪ್ಲಾಸ್ಟಿಕ್ ನಳಿಗೆ ಅದು. ಗಾಯದ ಮೇಲೆ, ಕೆಳಗೆ ನಾಳವನ್ನು ಬಿಡಿಸಿ ಕ್ಲ್ಯಾಂಪ್ ಹಾಕುತ್ತೇನೆ. ಫೋಗಾರ್ಟಿ ಕ್ಯಾತಿಟರ್ ಅನ್ನುವ ತೆಳ್ಳನೆ ಕೊಳವೆ ತೂರಿಸಿ, ತುದಿಯ ಬಲೂನ್ ಉಬ್ಬಿಸಿ ಮೆಲ್ಲಗೆ ಎಳೆದರೆ ಕಪ್ಪಗಿನ ಹೆಪ್ಪು ಹೊರಬರುತ್ತದೆ. ಬಲೂನ್ ಜಾಸ್ತಿ ಉಬ್ಬಿದರೆ ನಾಳದ ಒಳಪದರವೇ ಕಿತ್ತುಹೋಗುತ್ತದೆ, ಅದಕ್ಕೇ ಬೆರಳಿಗೆ ಬಿಗಿ ಗೊತ್ತಾಗಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಬೆರೆಸಿದ ಸಲೈನ್ ಬಿಟ್ಟು, ನಳಿಗೆ ಕೂರಿಸಿ, ಎರಡೂ ತುದಿಯನ್ನು ರೇಷ್ಮೆ ದಾರದಲ್ಲಿ ಕಟ್ಟುತ್ತೇನೆ. ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಯಂತ್ರದಲ್ಲಿ ಪಾದದ ಸದ್ದು ಕೇಳಿದ ಮೇಲೆ ಮೂಳೆಯವರು ಬೇಕಾದಷ್ಟು ಹೊತ್ತು ತಗೊಳ್ಳಲಿ.

ನಾಳವನ್ನು ಕಟ್ಟಿ ರಕ್ತ ನಿಲ್ಲಿಸಿ ಸುಮ್ಮನಾಗುವ ಕಾಲವೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರ 2,471 ಅಪಧಮನಿ ಗಾಯಗಳ ಲೆಕ್ಕವನ್ನು ಡಿಬೇಕಿ ಮತ್ತು ಸಿಮಿಯೋನ್ ಅನ್ನುವ ಸರ್ಜನ್ನರು 1946ರಲ್ಲಿ ಕೊಟ್ಟರು. ಅದರಲ್ಲಿ ನಾಳ ಕಟ್ಟಿದವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಕೈಕಾಲು ತೆಗೆಯಬೇಕಾಯಿತು. ಕೊರಿಯಾ ಯುದ್ಧದಲ್ಲಿ ನಾಳವನ್ನು ಹೊಲಿಯತೊಡಗಿದ ಮೇಲೆ ಅದು ಸುಮಾರು 13%ಕ್ಕೆ ಇಳಿಯಿತು. ಮಂಡಿ ಹಿಂದಿನ ಅಪಧಮನಿ ಮಾತ್ರ ಇವತ್ತಿಗೂ ಕಾಡುತ್ತದೆ.

ಮೂಳೆ ನಿಂತ ಮೇಲೆ ಶಂಟ್ ತೆಗೆದು ಕಾಲಿನ ಚರ್ಮದಡಿ ಹರಿಯುವ ಸಫೀನಸ್ ಸಿರೆಯ ತುಂಡು ಜೋಡಿಸುತ್ತೇನೆ. ಅದನ್ನು ತೆಗೆಯುವುದು ಚೆನ್ನಾಗಿರುವ ಕಾಲಿನಿಂದ. ಗಾಯದ ಕಾಲಿನ ಆಳದ ಸಿರೆಯೂ ಹರಿದಿದ್ದರೆ ರಕ್ತ ವಾಪಸ್ ಹೋಗಲು ಚರ್ಮದಡಿಯ ಈ ಸಿರೆ ಬೇಕಲ್ವಾ? ಸಿರೆಯೊಳಗೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳಿರುವುದರಿಂದ ತುಂಡನ್ನು ತಲೆಕೆಳಗಾಗಿ ತಿರುಗಿಸಿಯೇ ಹೊಲಿಯಬೇಕು. ಮಣ್ಣು, ಬಟ್ಟೆಚೂರು ಹೊಕ್ಕ ಗಾಯಕ್ಕೆ ಕೃತಕ ನಾಳ ಹಾಕಲು ನನಗೆ ಮನಸ್ಸಿಲ್ಲ, ಸೋಂಕಾದರೆ ಜೋಡಣೆಯೇ ಒಡೆಯುತ್ತದೆ. ಹೊಲಿದ ಸಿರೆಯ ಮೇಲೆ ಜೀವಂತ ಸ್ನಾಯು ಮುಚ್ಚಲೇಬೇಕು. ಚರ್ಮವನ್ನು ಹೊಲಿಯದೆ ತೆರೆದು ಬಿಟ್ಟರೂ ಚಿಂತೆಯಿಲ್ಲ.

ಫ್ಯಾಸಿಯೋಟಮಿ, ಅಂದರೆ ಸ್ನಾಯುವಿನ ಸುತ್ತಲಿನ ಪೊರೆ ಸೀಳುವ ವಿಷಯದಲ್ಲಿ ನಾನು ಕಾದು ನೋಡುವವನಲ್ಲ. ರಕ್ತ ಮತ್ತೆ ಹರಿದಾಗ ಸ್ನಾಯು ಊದುತ್ತದೆ, ಸುತ್ತಲಿನ ಪೊರೆ ಹಿಗ್ಗುವುದಿಲ್ಲ. ಮೊಣಕಾಲ ಕೆಳಗೆ ಒಳಬದಿ, ಹೊರಬದಿ ಎರಡೂ ಕಡೆ ಉದ್ದಕ್ಕೆ ಸೀಳಿ ಸ್ನಾಯುಗಳಿರುವ 4 ಕಂಪಾರ್ಟ್‌ಮೆಂಟ್‌ಗಳನ್ನೂ (ಪೊರೆ ಸುತ್ತಿದ ಕೋಣೆಗಳನ್ನೂ) ಬಿಡಿಸುತ್ತೇನೆ. ಹೆಲಿಕಾಪ್ಟರ್‌ನಲ್ಲಿ ಮುಂದಿನ ಆಸ್ಪತ್ರೆಗೆ ಹೋಗುವಾಗ ಕಾಲು ಊದಿತೆಂದು ಬ್ಯಾಂಡೇಜ್ ಬಿಚ್ಚಿ ನೋಡುವವರು ಯಾರು? ಸೀಳಿದ ಜಾಗಕ್ಕೆ ಆಮೇಲೆ ಚರ್ಮ ಕಸಿ ಮಾಡಬಹುದು.