ಗೌರವ ಅಂದರೆ ನಿಮಗೇನು, ನಿಮ್ಮ ಸಂಗಾತಿಗೇನು? ಇಬ್ಬರೂ ಕೂತು ತಿಳಿದುಕೊಳ್ಳುವ ಬಗೆ

‘ನನಗೆ ಮರ್ಯಾದೆಯೇ ಕೊಡಲ್ಲ’ ಎಂಬ ದೂರು ಕೇಳಿದವರಿಗೆ ಏನು ಸರಿಪಡಿಸಬೇಕೆಂದೇ ತಿಳಿಯುವುದಿಲ್ಲ. ಒಬ್ಬರಿಗೆ ನಾಲ್ಕು ಜನರ ಮುಂದೆ ತಪ್ಪು ಎತ್ತಿ ಆಡದಿರುವುದೇ ಗೌರವ. ಇನ್ನೊಬ್ಬರಿಗೆ ದುಡ್ಡು ಖರ್ಚು ಮಾಡುವ ಮೊದಲು ಒಂದು ಮಾತು ಕೇಳುವುದು. ಮತ್ತೊಬ್ಬರಿಗೆ ಬರುವುದು ತಡವಾದರೆ ತಿಳಿಸುವುದು, ಅಷ್ಟೇ.

ಜಗಳವಿಲ್ಲದ ದಿನ ನೋಡಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಬೇರೆ ಬೇರೆ ಹಾಳೆಯಲ್ಲಿ, ನಿಮಗೆ ಬೆಲೆ ಸಿಕ್ಕಿತು ಎನಿಸಿದ 3 ಸಂದರ್ಭ, ಹಗುರವಾಗಿ ಕಂಡರು ಎನಿಸಿದ 3 ಸಂದರ್ಭ ಬರೆಯಿರಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಇರಲಿ. ‘ನಿನಗೆ ಅಹಂಕಾರ’ ಎಂದು ಬರೆಯಬೇಡಿ; ‘ನಾನು ಮಾತಾಡುವಾಗ ನೀನು ಫೋನ್ ನೋಡುತ್ತಿದ್ದೆ’ ಎಂದು ಬರೆಯಿರಿ. ಬಹಳ ಮಂದಿ ಎಡವುವುದು ಇಲ್ಲೇ. ಗುಣವನ್ನು ದೂರಿದರೆ ಎದುರಿನವರು ವಾದಕ್ಕೆ ನಿಲ್ಲುತ್ತಾರೆ, ನಡೆದದ್ದನ್ನು ಹೇಳಿದರೆ ಬದಲಾಯಿಸಲು ಒಂದು ಹಿಡಿ ಸಿಗುತ್ತದೆ.

ಹಾಳೆ ಅದಲುಬದಲು ಮಾಡಿಕೊಂಡು ಒಳ್ಳೆಯ ಮೂರನ್ನು ಮೊದಲು ಓದಿ. ಉಳಿದ ಮೂರನ್ನು ಓದುವಾಗ ಸಮಜಾಯಿಷಿ ಬೇಡ. ‘ಆಗ ನಾನು ಏನು ಮಾಡಿದ್ದರೆ ನಿನಗೆ ಸರಿ ಎನಿಸುತ್ತಿತ್ತು?’ ಎಂದಷ್ಟೇ ಕೇಳಿ.

ಹೆಚ್ಚು ತೊಡಕಾಗುವುದು ನೇರ ಮಾತಿನ ವಿಷಯದಲ್ಲಿ. ‘ಇದು ಚೆನ್ನಾಗಿಲ್ಲ’ ಎಂದು ಮುಖಕ್ಕೇ ಹೇಳುವವರು ಎದುರಿನವರನ್ನು ಸಮಾನರೆಂದು ಬಗೆದೇ ಹಾಗೆ ಹೇಳಿರುತ್ತಾರೆ. ಕೇಳುವವರಿಗೆ ಅದು ಅವಮಾನ. ಇತ್ತ ಮೆತ್ತಗೆ ಸುತ್ತಿ ಬಳಸಿ ಹೇಳಿದರೆ, ನೇರ ಮಾತಿನವರಿಗೆ ‘ನನ್ನನ್ನು ಮಗು ಅಂದುಕೊಂಡಿದ್ದಾರಾ’ ಎನಿಸುತ್ತದೆ. ಇಬ್ಬರ ಉದ್ದೇಶವೂ ಒಳ್ಳೆಯದೇ ಆದ್ದರಿಂದ ಯಾರೂ ಬಗ್ಗುವುದಿಲ್ಲ. ಇಲ್ಲಿ ಹೇಳುವ ವಿಷಯವನ್ನು ಬಿಟ್ಟುಕೊಡದೆ ಸಮಯ ಮತ್ತು ಜಾಗವನ್ನು ಗೊತ್ತುಮಾಡಿಕೊಳ್ಳಿ: ಟೀಕೆ ಇಬ್ಬರೇ ಇದ್ದಾಗ, ‘ಈಗ ಹೇಳಲಾ?’ ಎಂದು ಕೇಳಿದ ಮೇಲೆ.

ಮಾತು ಬಿಸಿಯೇರಿದರೆ ಕನಿಷ್ಠ 20 ನಿಮಿಷ ಬಿಡುವು ಕೊಡಿ ಎನ್ನುತ್ತಾರೆ ದಂಪತಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್. ಉದ್ರೇಕಗೊಂಡ ದೇಹ ಶಾಂತವಾಗಲು ಅಷ್ಟಾದರೂ ಹೊತ್ತು ಬೇಕು. ಯಾವಾಗ ಮತ್ತೆ ಕೂರುತ್ತೀರೆಂದು ಹೇಳಿಯೇ ಏಳಿ; ಇಲ್ಲವಾದರೆ ಎದ್ದು ಹೋದದ್ದೇ ಹೊಸ ಅವಮಾನವಾಗುತ್ತದೆ. ಅಣಕ, ತಾತ್ಸಾರದ ನಗೆ ಯಾವ ಹೊತ್ತಿನಲ್ಲೂ ಬೇಡ. ಅವರ ಅಧ್ಯಯನದಲ್ಲಿ ದಾಂಪತ್ಯ ಮುರಿಯುವ ಸೂಚನೆಗಳಲ್ಲಿ ತಿರಸ್ಕಾರವೇ ಎಲ್ಲಕ್ಕಿಂತ ಬಲವಾದದ್ದು.

‘ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನು’ ಎಂಬುದು ಪಟ್ಟಿಯಲ್ಲಿ ಬಂದರೆ ತೆಗೆದುಹಾಕಿ. ಅದು ವಿಧೇಯತೆಯ ಬೇಡಿಕೆ. ಹೊಡೆತ, ಬೆದರಿಕೆ, ಫೋನಿನ ಮೇಲೆ ಕಾವಲು ಇರುವ ಕಡೆ ಈ ಹಾಳೆಯನ್ನು ಬಳಸಲೇಬೇಡಿ. ಬರೆದುಕೊಟ್ಟದ್ದೇ ನಾಳೆ ನಿಮ್ಮ ಮೇಲೆ ಅಸ್ತ್ರವಾದೀತು. ಅಲ್ಲಿ ನಂಬಿಕಸ್ಥರ, ಆಪ್ತಸಮಾಲೋಚಕರ ನೆರವು ಬೇಕು.

ಕೊನೆಗೆ ಒಬ್ಬೊಬ್ಬರು ಇನ್ನೊಬ್ಬರ ಹಾಳೆಯಿಂದ ಒಂದೇ ಒಂದು ನಡವಳಿಕೆ ಆರಿಸಿ 2 ವಾರ ಪಾಲಿಸಿ. ಆರಕ್ಕಾರನ್ನೂ ಹಿಡಿದರೆ ಮೂರನೇ ದಿನಕ್ಕೇ ಕೈಬಿಡುತ್ತೀರಿ. ಎಷ್ಟು ಸಲ ತಪ್ಪಿತೆಂದು ಇನ್ನೊಬ್ಬರು ಲೆಕ್ಕ ಇಡಬಾರದು. ತನ್ನದನ್ನು ತಾನೇ ಹೇಳಲಿ.