ಕೈಯಿಂದ ಗಿಟಾರ್ ಕಟ್ಟುವುದು: ಹಲಗೆ ಆರಿಸುವುದರಿಂದ ತಂತಿ ಏರಿಸುವವರೆಗೆ

ಅಕೂಸ್ಟಿಕ್ ಗಿಟಾರ್ ಕಟ್ಟಲು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವುದು ಯಾವ ಮರ ಒಳ್ಳೆಯದು ಎಂದು. ಸ್ಪ್ರೂಸ್, ಸೀಡರ್, ಬೀಟೆ, ಮಹಾಗನಿ ಎಂದು ಹೆಸರುಗಳನ್ನು ಹೇಳಿಬಿಡುವುದು ಸುಲಭ. ಆದರೆ ಕೆಲಸಕ್ಕೆ ಕೂತಾಗ ಮೇಜಿನ ಮೇಲಿರುವುದು ಒಂದು ನಿರ್ದಿಷ್ಟ ಹಲಗೆ, ಮತ್ತು ಒಂದೇ ಜಾತಿಯ ಎರಡು ಹಲಗೆಗಳು ತೂಕದಲ್ಲೂ ಪೆಡಸಿನಲ್ಲೂ ಬೇರೆ ಬೇರೆಯಾಗಿರುವುದು ತೀರ ಸಾಮಾನ್ಯ. ಆದ್ದರಿಂದ ಇಲ್ಲಿ ಜಾತಿಗಳ ಗುಣಗಳನ್ನು ಹೇಳುವೆನಾದರೂ, ಹಲಗೆಯನ್ನು ಅಳೆಯುವ, ತಟ್ಟಿ ಕೇಳುವ ಮತ್ತು ಅದಕ್ಕೆ ತಕ್ಕಂತೆ ತೆಳುಮಾಡುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಲಗೆಗೂ ಮುಂಚೆ ನುಡಿಸುವವರನ್ನು ಗಮನಿಸಬೇಕು. ಒಬ್ಬರಿಗಾಗಿಯೇ ಕಟ್ಟುವ ವಾದ್ಯದ ಲಾಭವೆಲ್ಲ ಅಲ್ಲಿದೆ. ಅವರು ಬೆರಳಿನಿಂದ ಮೀಟುತ್ತಾರೋ, ಪಿಕ್ ಹಿಡಿದು ಜೋರಾಗಿ ಬಾರಿಸುತ್ತಾರೋ, ಎಷ್ಟು ದಪ್ಪದ ತಂತಿ ಹಾಕುತ್ತಾರೆ, ಈಗಿರುವ ಗಿಟಾರಿನ ನೆಕ್ ಕೈಗೆ ಇಕ್ಕಟ್ಟೋ ಅಗಲವೋ ಎಂಬುದನ್ನು ಕೇಳುವುದಕ್ಕಿಂತ, ಎದುರಿಗೆ ಕೂರಿಸಿ ಅರ್ಧ ಗಂಟೆ ನುಡಿಸಲು ಹೇಳಿ ನೋಡುವುದು ಮೇಲು. ಸ್ಟೀಲ್ ತಂತಿಯ ಗಿಟಾರಿನಲ್ಲಿ ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಆನಿಕೊಳ್ಳುವ ಪಟ್ಟಿ) ಅಗಲ ಸಾಮಾನ್ಯವಾಗಿ 43ರಿಂದ 45 ಮಿ.ಮೀ. ಇರುತ್ತದೆ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ 52 ಮಿ.ಮೀ. ಹತ್ತಿರ. ಮೆಲುವಾಗಿ ಮೀಟುವವರಿಗೆ ಹಗುರವಾದ, ಬೇಗ ಸ್ಪಂದಿಸುವ ಮೇಲ್ಹಲಗೆ ಬೇಕು. ಬಲವಾಗಿ ಬಾರಿಸುವವರ ಕೈಯಲ್ಲಿ ಅದೇ ಹಲಗೆ ನಾದವನ್ನು ಗಲಿಬಿಲಿ ಮಾಡಿಬಿಡುತ್ತದೆ.

ಮೇಲ್ಹಲಗೆ

ಗಿಟಾರಿನ ನಾದದ ಬಹುಪಾಲು ಮೇಲ್ಹಲಗೆಯದು. ಕ್ಲಾಸಿಕಲ್ ಗಿಟಾರಿಗೆ ಇಂದಿನ ರೂಪ ಕೊಟ್ಟ ಸ್ಪೇನಿನ ಆಂಟೋನಿಯೊ ಡಿ ಟೋರೆಸ್ ಇದನ್ನು ತೋರಿಸಿಕೊಡಲು 1862ರಲ್ಲಿ ಬೆನ್ನು ಮತ್ತು ಪಕ್ಕೆಗಳನ್ನು ರಟ್ಟಿನಿಂದ ಮಾಡಿ, ಮೇಲ್ಹಲಗೆಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಾಕಿ ಒಂದು ಗಿಟಾರ್ ಕಟ್ಟಿದ್ದ. ತಂತಿಗಳು ಎಳೆಯುವ ಬಲವನ್ನು ತಡೆಯುವಷ್ಟು ಪೆಡಸಾಗಿಯೂ, ಆ ಸಣ್ಣ ಕಂಪನಕ್ಕೆ ಅಲುಗುವಷ್ಟು ಹಗುರವಾಗಿಯೂ ಇರಬೇಕಾದ ಭಾಗ ಇದು. ಲೈಟ್ ಗೇಜ್‌ನ, ಅಂದರೆ ತೆಳು ಬಗೆಯ, ಆರು ಸ್ಟೀಲ್ ತಂತಿಗಳನ್ನು ಶ್ರುತಿಗೆ ತಂದಾಗ ಒಟ್ಟು ಎಳೆತ 70 ಕಿಲೊ ದಾಟುತ್ತದೆ, ಅದನ್ನು ಹೊರುವ ಹಲಗೆಯ ದಪ್ಪ ಸಾಮಾನ್ಯವಾಗಿ ಮೂರು ಮಿ.ಮೀ. ದಾಟುವುದಿಲ್ಲ. ತೂಕಕ್ಕೆ ಹೋಲಿಸಿದರೆ ಇಷ್ಟು ಪೆಡಸಿರುವ ಮರಗಳು ಹೆಚ್ಚಿಲ್ಲ. ಹಾಗಾಗಿಯೇ ಸ್ಪ್ರೂಸ್ ಮತ್ತು ಸೀಡರ್‌ಗಳಿಗೆ ಈ ಸ್ಥಾನ.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್ ಸುಲಭವಾಗಿ ಸಿಗುತ್ತದೆ, ಸಾಮಾನ್ಯವಾಗಿ ಒಂದು ಘನಮೀಟರಿಗೆ 400ರಿಂದ 450 ಕಿಲೊ ತೂಗುತ್ತದೆ ಮತ್ತು ಯಾವ ಬಗೆಯ ನುಡಿಸುವಿಕೆಗೂ ಹೊಂದಿಕೊಳ್ಳುತ್ತದೆ. ಮೊದಲ ಗಿಟಾರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಅಡಿರಾಂಡ್ಯಾಕ್ ಎಂದು ಕರೆಯುವ ಕೆಂಪು ಸ್ಪ್ರೂಸ್ ಹೆಚ್ಚು ಪೆಡಸು, ಎಷ್ಟು ಬಲವಾಗಿ ಬಾರಿಸಿದರೂ ನಾದ ಒಡೆಯುವುದಿಲ್ಲ ಎಂಬ ಹೆಸರು ಅದಕ್ಕಿದೆ. ಎಂಗಲ್ಮನ್ ಸ್ಪ್ರೂಸ್ ಮತ್ತು ವೆಸ್ಟರ್ನ್ ರೆಡ್ ಸೀಡರ್ ಇನ್ನೂ ಹಗುರ. ಸೀಡರ್ ಬೆರಳಿನ ಮೀಟಿಗೆ ತಕ್ಷಣ ದನಿಗೊಡುತ್ತದೆಯಾದರೂ ಉಗುರು ತಾಗಿದರೂ ಗುರುತು ಬೀಳುವಷ್ಟು ಮೆದು, ಸೀಳುವುದೂ ಬೇಗ.

ಹಲಗೆಯನ್ನು ಕೈಗೆತ್ತಿಕೊಂಡಾಗ ಮೊದಲು ಅದರ ತುದಿಯ ಅಂಚನ್ನು ನೋಡಿ. ಬೆಳವಣಿಗೆಯ ಉಂಗುರಗಳ ಗೆರೆಗಳು ಅಗಲವಾದ ಮುಖಕ್ಕೆ ನೇರ ಕೋನದಲ್ಲಿ ನಿಂತಿರಬೇಕು; ದಿಮ್ಮಿಯ ನಡುವಿನಿಂದ ಹೊರಕ್ಕೆ, ಕ್ವಾರ್ಟರ್ ಸಾನ್ ಎನ್ನುವ ಬಗೆಯಲ್ಲಿ ಕೊಯ್ದಾಗ ಇದು ಸಿಗುತ್ತದೆ. ಹೀಗೆ ಕೊಯ್ದ ಹಲಗೆ ಅಡ್ಡಕ್ಕೆ ಹೆಚ್ಚು ಪೆಡಸಾಗಿರುತ್ತದೆ, ಮತ್ತು ಒಣಗುವಾಗ ಉಂಗುರಗಳ ಗುಂಟ ಕೊಯ್ದ ಹಲಗೆಗಿಂತ ಹೆಚ್ಚುಕಡಿಮೆ ಅರ್ಧದಷ್ಟೇ ಕುಗ್ಗುತ್ತದೆ. ಮುಖದ ಮೇಲೆ ಗೆರೆಗಳನ್ನು ಅಡ್ಡ ಹಾಯುವ ರೇಷ್ಮೆಯಂಥ ಹೊಳಪು ಕಂಡರೆ ಕೊಯ್ತ ಸರಿಯಾಗಿದೆ ಎಂದು ತಿಳಿಯಬಹುದು. ಗೆರೆಗಳು ಎಷ್ಟು ಒತ್ತಾಗಿವೆ ಎಂಬುದಕ್ಕೆ ಕೊಡುವ ಬೆಲೆ ನನ್ನ ಮಟ್ಟಿಗೆ ಕಣ್ಣಿಗೆ ಕೊಡುವ ಬೆಲೆ ಮಾತ್ರ. ಅಗಲ ಗೆರೆಯ, ಕಂದು ಪಟ್ಟೆಯ, ಎರಡನೆಯ ದರ್ಜೆಯೆಂದು ಮಾರುವ ಹಲಗೆಗಳಲ್ಲಿ ಬಹಳ ಚೆನ್ನಾಗಿ ದನಿಗೊಡುವವು ಸಿಕ್ಕಿವೆ.

ಗೆರೆಗಿಂತ ಮುಖ್ಯವಾದದ್ದು ನಾರಿನ ಓಟ. ನಾರು ಹಲಗೆಯ ಉದ್ದಕ್ಕೂ ಮುಖಕ್ಕೆ ಸಮಾನಾಂತರವಾಗಿ ಸಾಗದೆ ಒಳಗಿನಿಂದ ಓರೆಯಾಗಿ ಹೊರಬಂದಿದ್ದರೆ ಪೆಡಸು ಕಡಿಮೆಯಾಗುತ್ತದೆ, ತಂತಿಗಳನ್ನು ಹಲಗೆಗೆ ಹಿಡಿದಿಡುವ ಬ್ರಿಜ್‌ನ ಹತ್ತಿರ ಸೀಳುವ ಭಯವೂ ಇರುತ್ತದೆ. ಇದನ್ನು ತಿಳಿಯುವ ಖಚಿತ ದಾರಿಯೆಂದರೆ ತುದಿಯ ಬೇಡದ ಭಾಗದಿಂದ ಒಂದು ಚೂರನ್ನು ಗರಗಸವಿಲ್ಲದೆ ಉಳಿಯಿಂದ ಸೀಳಿ, ಸೀಳು ಯಾವ ಕಡೆ ಓಡುತ್ತದೆ ಎಂದು ನೋಡುವುದು. ಪುಸ್ತಕ ಬಿಡಿಸಿದಂತೆ ಜೋಡಿಸಿದ ಎರಡು ಹೋಳುಗಳಲ್ಲಿ ಒಂದು ಬೆಳ್ಳಗೆ, ಇನ್ನೊಂದು ಮಬ್ಬಾಗಿ ಕಂಡು, ತಿರುಗಿಸಿ ಹಿಡಿದಾಗ ಅದಲುಬದಲಾದರೂ ದೋಷ ಇದೇ.

ಇನ್ನು ತಟ್ಟುವುದು. ಹಲಗೆಯ ಉದ್ದದಲ್ಲಿ ಸುಮಾರು ಕಾಲುಭಾಗದಷ್ಟು ಕೆಳಗೆ, ಅಂಚಿನ ಬಳಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಗುರವಾಗಿ ಹಿಡಿದು ತೂಗುಬಿಡಿ. ಕಂಪಿಸುವಾಗ ಹೆಚ್ಚುಕಡಿಮೆ ಅಲುಗದೆ ಇರುವ ಜಾಗ ಅದು. ಇನ್ನೊಂದು ಕೈಯ ಬೆರಳಗೆಣ್ಣಿನಿಂದ ನಡುವೆ ತಟ್ಟಿ. ಒಳ್ಳೆಯ ಹಲಗೆ ಗಂಟೆಯಂತೆ ಮೊಳಗಿ ಕೆಲವು ಕ್ಷಣ ದನಿಯನ್ನು ಉಳಿಸಿಕೊಳ್ಳುತ್ತದೆ. ಕಳಪೆಯದು ರಟ್ಟಿನ ಪೆಟ್ಟಿಗೆಯಂತೆ ‘ದಬ್’ ಎಂದು ಸುಮ್ಮನಾಗುತ್ತದೆ. ಹಿಡಿಯುವ ಜಾಗ ತಪ್ಪಿದರೆ ಎಂಥ ಹಲಗೆಯೂ ‘ದಬ್’ ಎನ್ನುತ್ತದೆ, ಆದ್ದರಿಂದ ತಳ್ಳಿಹಾಕುವ ಮುನ್ನ ಎರಡು ಮೂರು ಕಡೆ ಹಿಡಿದು ನೋಡಬೇಕು.

ಕಿವಿಯ ಜೊತೆಗೆ ತಕ್ಕಡಿಯನ್ನೂ ಬಳಸಿ. 560 ಮಿ.ಮೀ. ಉದ್ದ, 215 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಹೋಳು 200 ಗ್ರಾಂ ತೂಗಿದರೆ ಅದರ ಸಾಂದ್ರತೆ ಘನಮೀಟರಿಗೆ ಸುಮಾರು 415 ಕಿಲೊ. ಬಳಿಕ ಹೋಳನ್ನು ಎರಡು ತುದಿಗಳಲ್ಲಿ ಮಾತ್ರ ಆನಿಸಿ, ನಡುವೆ ಪ್ರತಿ ಸಲವೂ ಒಂದೇ ತೂಕವನ್ನಿಟ್ಟು, ಎಷ್ಟು ಬಾಗಿತೆಂದು ಡಯಲ್ ಗೇಜ್‌ನಲ್ಲಿ ಅಳೆದು ಬರೆದಿಡಿ. ಕಡಿಮೆ ತೂಗಿ ಕಡಿಮೆ ಬಾಗುವುದೇ ನಿಮಗೆ ಬೇಕಾದ ಹಲಗೆ.

ಬೆನ್ನು, ಪಕ್ಕೆ ಮತ್ತು ನೆಕ್

ಬೆನ್ನು ಮತ್ತು ಪಕ್ಕೆಗಳ ಮರದ ಬಗ್ಗೆ ಮಾತು ಬಹಳ, ಪುರಾವೆ ಕಡಿಮೆ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆನ್ನು ಮತ್ತು ಪಕ್ಕೆಗಳ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಬಗೆಯಲ್ಲಿ ಕಟ್ಟಿದ ಆರು ಗಿಟಾರ್‌ಗಳನ್ನು 52 ಮಂದಿ ವಾದಕರು ಮರ ಕಾಣದಂತೆ ನುಡಿಸಿದಾಗ, ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅಮೆರಿಕದ ಬಾಬ್ ಟೇಲರ್ 1995ರಲ್ಲಿ ಸರಕು ಸಾಗಿಸುವ ಪ್ಯಾಲೆಟ್‌ನ ಓಕ್ ಮರದಿಂದ ಬೆನ್ನು, ಪಕ್ಕೆ ಮಾಡಿ ಒಂದು ಗಿಟಾರ್ ತೋರಿಸಿದ್ದರು. ಬೀಟೆ ಮಂದ್ರವನ್ನು ತುಂಬಿಸುತ್ತದೆ, ಮಹಾಗನಿ ನಡುಸ್ಥಾಯಿಯನ್ನು ಒಣದಾಗಿ ಬಿಡಿಸಿ ಕೇಳಿಸುತ್ತದೆ, ಮೇಪಲ್ ನಾದವನ್ನು ಬೇಗ ಮುಗಿಸುತ್ತದೆ ಎಂಬ ಮಾತುಗಳನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ, ಆದರೆ ಹಣ ಸೀಮಿತವಾಗಿದ್ದರೆ ಅದನ್ನು ಮೇಲ್ಹಲಗೆಗೆ ಖರ್ಚುಮಾಡಿ ಎನ್ನುತ್ತೇನೆ. ಬೆನ್ನಿಗೆ ನೋಡಬೇಕಾದದ್ದು ಒಣಗಿದೆಯೇ, ನೇರವಾಗಿ ಬೆಳೆದಿದೆಯೇ, ಬಾಗಿಸಲು ಬಗ್ಗುತ್ತದೆಯೇ ಎಂಬುದು. ಬೀಟೆ ಬಿಸಿಗೆ ಸೊಗಸಾಗಿ ಬಾಗುತ್ತದೆ. ಅಲೆಯಲೆಯಾಗಿ ಹೊಳೆಯುವ ಮೇಪಲ್ ಆ ಅಲೆಗಳ ಗುಂಟವೇ ಮುರಿಯಲು ನೋಡುತ್ತದೆ.

ಕೊಳ್ಳುವಾಗ ಕಾನೂನನ್ನೂ ನೆನಪಿಡಬೇಕು. ಬ್ರೆಜಿಲ್‌ನ ಬೀಟೆ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅಂದರೆ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿದೆ. 2017ರಲ್ಲಿ ಬೀಟೆ ಸೇರಿರುವ ಡಾಲ್‌ಬರ್ಜಿಯಾ ಕುಲದ ಉಳಿದ ಜಾತಿಗಳೆಲ್ಲ ಎರಡನೆಯ ಅನುಬಂಧಕ್ಕೆ ಬಂದವು. ಈ ಎರಡನೆಯ ಗುಂಪಿನ ಮರದಿಂದ ಕಟ್ಟಿ ಮುಗಿಸಿದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಹಲಗೆಯನ್ನು ಗಡಿ ದಾಟಿಸಲು ಕಾಗದಪತ್ರ ಬೇಕೇ ಬೇಕು. ಹಳೆಯ ದಾಸ್ತಾನು ಎಂಬ ಬಾಯಿಮಾತನ್ನು ನಂಬಿ ಕೊಳ್ಳಬೇಡಿ.

ನೆಕ್‌ಗೆ ತಿರುಚಿಕೊಳ್ಳದ ಮಹಾಗನಿ ಅಥವಾ ಮೇಪಲ್, ಫ್ರೆಟ್ ಎಂಬ ಅಡ್ಡ ಲೋಹಪಟ್ಟಿಗಳನ್ನು ಕೂರಿಸುವ ಫ್ರೆಟ್‌ಬೋರ್ಡಿಗೆ ಮತ್ತು ಬ್ರಿಜ್‌ಗೆ ಕರಿಮರ ಅಥವಾ ಬೀಟೆ ಸಾಕು. ಬ್ರಿಜ್‌ಗೆ ಕರಿಮರ ತೂಕವೆನಿಸಿದರೆ ಬೀಟೆಯೇ ಒಳ್ಳೆಯದು.

ತೇವ

ಕಟ್ಟುವ ಕೋಣೆಯ ಗಾಳಿಯ ತೇವವನ್ನು ಶೇ. 40ರಿಂದ 50ರ ನಡುವೆ ಹಿಡಿದಿಡಿ. ಹಲಗೆಯ ಒಳಬದಿಗೆ ಬಲ ಕೊಡುವ ಬ್ರೇಸ್ ಪಟ್ಟಿಗಳನ್ನು ಅಂಟಿಸುವ ದಿನಗಳಲ್ಲಿ 45ನ್ನು ಮೀರಗೊಡಬೇಡಿ. ಮರದ ತೇವಾಂಶ ಶೇ. 4ರಷ್ಟು ಇಳಿದರೆ 400 ಮಿ.ಮೀ. ಅಗಲದ ಸ್ಪ್ರೂಸ್ ಹಲಗೆ ಎರಡು ಮಿ.ಮೀ.ಗೂ ಹೆಚ್ಚು ಕುಗ್ಗುತ್ತದೆ. ಸುತ್ತಲೂ ಅಂಟಿಸಿ, ಕೆಳಗೆ ಅಡ್ಡಪಟ್ಟಿಗಳಿಂದ ಹಿಡಿದಿಟ್ಟ ಹಲಗೆಗೆ ಕುಗ್ಗಲು ಜಾಗವಿರುವುದಿಲ್ಲ, ಸೀಳುತ್ತದೆ. ನಾನು ಕಟ್ಟಿದ ಎರಡನೆಯ ಗಿಟಾರಿನ ಪೆಟ್ಟಿಗೆಯನ್ನು ತೇವ ತುಂಬಿದ ವಾರವೊಂದರಲ್ಲಿ ಅವಸರದಿಂದ ಮುಚ್ಚಿದ್ದೆ. ನಾಲ್ಕು ತಿಂಗಳ ಮೇಲೆ ಒಣಹವೆ ಬಂದಾಗ ಒಂದು ರಾತ್ರಿ ಕೋಣೆಯಲ್ಲಿ ‘ಟಕ್’ ಎಂಬ ಸದ್ದಾಯಿತು. ಬೆಳಗ್ಗೆ ನೋಡಿದರೆ ಬ್ರಿಜ್‌ನಿಂದ ಕೆಳ ಅಂಚಿನವರೆಗೆ ಕೂದಲೆಳೆಯಂಥ ಸೀಳು. ತೇವಮಾಪಕ ಅಂದಿನಿಂದ ಮೇಜಿನ ಎದುರಿನ ಗೋಡೆಯಲ್ಲಿದೆ.

ಕಟ್ಟುವ ಕೆಲಸ

ಮೊದಲು ಮೇಲ್ಹಲಗೆಯ ಎರಡು ಹೋಳುಗಳ ಕೂಡುವ ಅಂಚುಗಳನ್ನು ಚೂಪಾದ ಉಜ್ಜುಗೊರಡಿನಿಂದ ನೇರಮಾಡಿ, ಒಂದಕ್ಕೊಂದು ಒತ್ತಿ ದೀಪದ ಎದುರು ಹಿಡಿಯಿರಿ. ಬೆಳಕಿನ ಒಂದೇ ಒಂದು ಗೆರೆ ಕಂಡರೂ ಮತ್ತೆ ಉಜ್ಜಬೇಕು. ಕ್ಲ್ಯಾಂಪ್ ಬಿಗಿಮಾಡಿ ಸಂದು ಮುಚ್ಚಿದರೆ ಆ ಒತ್ತಡ ಹಲಗೆಯೊಳಗೆ ಉಳಿದು ಮುಂದೊಂದು ದಿನ ಬಿಡಿಸಿಕೊಳ್ಳುತ್ತದೆ.

ತೆಳುಮಾಡುವಾಗ ಮರೆಯಬಾರದ ಲೆಕ್ಕವೊಂದಿದೆ: ಹಲಗೆಯ ಪೆಡಸು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪವನ್ನು ಹತ್ತನೆಯ ಒಂದು ಭಾಗ ಇಳಿಸಿದರೆ ಪೆಡಸು ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಸ್ಟೀಲ್ ತಂತಿಯ ಗಿಟಾರಿಗೆ 2.5ರಿಂದ 3 ಮಿ.ಮೀ. ಎಂಬುದು ರೂಢಿಯ ಅಳತೆ, ಆದರೆ ಅದನ್ನು ಗುರಿಯೆಂದು ಹಿಡಿಯದೆ, 3.2 ಮಿ.ಮೀ. ತಲುಪಿದ ಮೇಲೆ ಹತ್ತಿಪ್ಪತ್ತು ಸಲ ಉಜ್ಜುವುದು, ಬಾಗಿಸಿ ನೋಡುವುದು, ತಟ್ಟುವುದು, ಹೀಗೆ ಸಾಗಿ. ಪೆಡಸಾದ ಹಲಗೆ 2.5ಕ್ಕೆ ಬರಬಹುದು, ಮೆದುವಾದದ್ದನ್ನು 3ರಲ್ಲೇ ನಿಲ್ಲಿಸಬೇಕಾಗಬಹುದು. ಎರಡು ಬದಿ ಹಿಡಿದು ಬಾಗಿಸಿದಾಗ ಹಲಗೆ ಸ್ವಲ್ಪ ಸಡಿಲವಾದಂತೆ ಕೈಗೆ ತಿಳಿಯುವ ಹಂತವೊಂದು ಬರುತ್ತದೆ, ಅಲ್ಲಿ ನಿಲ್ಲಿಸಿ.

ಹಲಗೆಯ ಕೆಳಗೆ ಅಂಟಿಸುವ ಬ್ರೇಸ್‌ಗಳನ್ನು ಗರಗಸದಿಂದ ಕೊಯ್ಯುವ ಬದಲು ಸ್ಪ್ರೂಸ್ ತುಂಡನ್ನು ಸೀಳಿ ಮಾಡಿದರೆ ನಾರು ತುದಿಯಿಂದ ತುದಿಗೆ ತುಂಡಾಗದೆ ಇರುತ್ತದೆ. ಅಮೆರಿಕದ ಮಾರ್ಟಿನ್ ಗಿಟಾರ್‌ಗಳಲ್ಲಿ 1840ರ ದಶಕದಲ್ಲಿ ಬಳಕೆಗೆ ಬಂದ, ಎರಡು ಉದ್ದ ಪಟ್ಟಿಗಳು ಸೌಂಡ್‌ಹೋಲ್‌ನ (ಮೇಲ್ಹಲಗೆಯ ದುಂಡು ರಂಧ್ರ) ಕೆಳಗೆ ಒಂದನ್ನೊಂದು ಹಾಯುವ ‘ಎಕ್ಸ್’ ವಿನ್ಯಾಸವೇ ಇಂದಿಗೂ ಸ್ಟೀಲ್ ತಂತಿಗೆ ನೆಚ್ಚಿನದು. ಬ್ರೇಸ್‌ನ ಎತ್ತರಕ್ಕೂ ಅದೇ ಘನದ ಲೆಕ್ಕ ಅನ್ವಯಿಸುತ್ತದೆ, ಅಗಲಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಎತ್ತರವಾದ, ಕಿರಿದಾದ ಪಟ್ಟಿ ಕಡಿಮೆ ತೂಕದಲ್ಲಿ ಹೆಚ್ಚು ಬಲ ಕೊಡುತ್ತದೆ. ಅಂಟು ಒಣಗಿದ ಮೇಲೆ ಉಳಿಯಿಂದ ತುದಿಗಳನ್ನು ಇಳಿಸುತ್ತ, ನಡುನಡುವೆ ಬ್ರಿಜ್ ಬರುವ ಜಾಗದಲ್ಲಿ ತಟ್ಟುತ್ತ ಹೋದಂತೆ ದನಿ ತಗ್ಗಿ ಅಗಲವಾಗುವುದು ಕೇಳಿಸುತ್ತದೆ. ಬ್ರಿಜ್‌ನ ಕೆಳಗಿರುವ ಬ್ರೇಸ್‌ನ ಭಾಗವನ್ನು ಮಾತ್ರ ಕೊನೆಯವರೆಗೂ ಮುಟ್ಟದಿರುವುದು ಕ್ಷೇಮ.

ಪಕ್ಕೆಗಳನ್ನು ಸುಮಾರು 2 ಮಿ.ಮೀ.ಗೆ ತಂದು, ನೀರಿನಲ್ಲಿ ಒದ್ದೆಮಾಡಿ, ಕಾದ ಕೊಳವೆಯ ಮೇಲೆ ಬಾಗಿಸಬೇಕು. ನೀರಿನ ಹನಿ ಬಿದ್ದೊಡನೆ ಕುಣಿದು ಆರುವಷ್ಟು ಕೊಳವೆ ಕಾದಿರಲಿ. ಸೊಂಟದ ತಿರುವಿನಿಂದ ಪ್ರಾರಂಭಿಸಿ, ಒತ್ತದೆ, ಮರವೇ ಸಡಿಲಗೊಳ್ಳುವುದನ್ನು ಅಂಗೈಯಲ್ಲಿ ಕಾಯಿರಿ. ಬೆಣ್ಣೆಗೆ ಬಿಸಿ ತಾಗಿದಂತೆ ಒಂದು ಕ್ಷಣದಲ್ಲಿ ಅದು ಒಪ್ಪಿಕೊಳ್ಳುತ್ತದೆ. ಹೊರಮೈಗೆ ತೆಳು ಲೋಹದ ಪಟ್ಟಿಯನ್ನು ಒತ್ತಿ ಹಿಡಿದರೆ ನಾರು ಏಳುವುದಿಲ್ಲ. ಬೀಟೆ ಮತ್ತು ಸೀಡರ್‌ನ ದೂಳು ಹಲವರಿಗೆ ಅಲರ್ಜಿ ತರುತ್ತದೆ, ಮುಖವಾಡವಿಲ್ಲದೆ ಉಜ್ಜಬೇಡಿ. ಎಣ್ಣೆಯಂಶವಿರುವ ಈ ಬೀಟೆಯನ್ನು ಅಂಟಿಸುವ ಮುನ್ನ ಆಗಷ್ಟೇ ಕೆರೆದು ಹೊಸ ಮೈ ತೆಗೆಯಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ.

ಪೆಟ್ಟಿಗೆ ಮುಚ್ಚಿದ ಮೇಲೆ ನೆಕ್ ಕೂರಿಸುವಾಗ ಫ್ರೆಟ್‌ಗಳ ಮೇಲಿಟ್ಟ ನೇರಪಟ್ಟಿ ಬ್ರಿಜ್‌ನ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಫ್ರೆಟ್‌ಗಳ ಜಾಗಕ್ಕೆ ಲೆಕ್ಕ ಸರಳ: ಉಳಿದ ತಂತಿಯ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುವುದು. 645 ಮಿ.ಮೀ. ಉದ್ದದ ತಂತಿಗೆ ಮೊದಲ ಫ್ರೆಟ್ ನಟ್‌ನಿಂದ 36.2 ಮಿ.ಮೀ. ದೂರದಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 322.5ರಲ್ಲಿ ಬರುತ್ತದೆ. ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ, ಹಿಂದಿನ ಫ್ರೆಟ್‌ನಿಂದ ಅಳೆದರೆ ತಪ್ಪುಗಳು ಕೂಡುತ್ತ ಹೋಗುತ್ತವೆ. ಒತ್ತಿದಾಗ ತಂತಿಯ ಬಿಗಿ ಏರಿ ಸ್ವರ ಮೇಲೇಳುವುದನ್ನು ಸರಿದೂಗಿಸಲು, ಬ್ರಿಜ್‌ನ ಮೇಲೆ ತಂತಿಗಳು ಆನಿಕೊಳ್ಳುವ ಪಟ್ಟಿಯಾದ ಸ್ಯಾಡಲ್ ಅನ್ನು ಸಣ್ಣ ತಂತಿಯ ಕಡೆ ಸುಮಾರು 2 ಮಿ.ಮೀ., ದಪ್ಪ ತಂತಿಯ ಕಡೆ 4ರಿಂದ 5 ಮಿ.ಮೀ. ಹಿಂದಕ್ಕೆ ಸರಿಸಿ ಓರೆಯಾಗಿಡಬೇಕು. ಬ್ರಿಜ್ ಅಂಟಿಸುವ ಜಾಗದಲ್ಲಿ ಪಾಲಿಶ್ ಇರಕೂಡದು, ಬರಿಯ ಮರ ಬೇಕು.

ಪಾಲಿಶ್ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ಅರಗಿನ ಫ್ರೆಂಚ್ ಪಾಲಿಶ್ ತಾಳ್ಮೆ ಬೇಡುತ್ತದೆ, ಬೆವರಿಗೆ ಮಂಕಾಗುತ್ತದೆ, ಆದರೂ ಮೇಲ್ಹಲಗೆಗೆ ನನ್ನ ಆಯ್ಕೆ ಅದೇ.

ತಂತಿ ಏರಿಸಿದ ಮೊದಲ ವಾರದಲ್ಲಿ ಬ್ರಿಜ್‌ನ ಹಿಂದೆ ಹಲಗೆ ತುಸು ಉಬ್ಬುತ್ತದೆ, ಸೌಂಡ್‌ಹೋಲ್‌ನ ಕಡೆ ತುಸು ತಗ್ಗುತ್ತದೆ, ಅದು ಸಹಜ. ನೇರಪಟ್ಟಿಯಿಟ್ಟು ದಿನವೂ ಅಳೆದು, ಎರಡನೆಯ ವಾರವೂ ಏರುತ್ತಲೇ ಇದ್ದರೆ ತಂತಿಯನ್ನು ಸಡಿಲಿಸಿ, ಕನ್ನಡಿ ಹಾಕಿ ಒಳಗಿನ ಬ್ರೇಸ್‌ಗಳ ತುದಿ ಬಿಟ್ಟಿದೆಯೇ ನೋಡಬೇಕು. ನಿಂತಿದ್ದರೆ ಆ ಅಳತೆಯನ್ನು ಹಲಗೆಯ ಸಾಂದ್ರತೆ, ಬಾಗಿದ ಪ್ರಮಾಣ ಮತ್ತು ಕೊನೆಯ ದಪ್ಪದ ಪಕ್ಕದಲ್ಲಿ ಬರೆದಿಡಿ; ಮುಂದಿನ ಹಲಗೆಯನ್ನು ಎಷ್ಟಕ್ಕೆ ತೆಳುಮಾಡುವುದೆಂದು ಹೇಳುವುದು ಆ ಪುಟವೇ.